ಮೇಲಿನ ಹೊಂಡ, ಕೆಳಗಿನ ಹೊಂಡ

ಮಕ್ಕಳೇ, ಚಿತ್ರದುರ್ಗದ ಕೋಟೆ ಹತ್ತಿದ್ದೀರಾ? ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ ಇಳಿಯುವಂತೆ ಹಿರಿಯರು ಕಟ್ಟಿದ್ದಾರೆ. ಮೇಲಿನವರು ಕೆಡಿಸಿದರೆ ಕೆಳಗಿನವರಿಗೆ ಕೊಳಕು ನೀರೇ ಗತಿ.

ಈಗಲೂ ಹಾಗೆಯೇ. ಹೊಸದುರ್ಗದ ಕಡೆಯಿಂದ ಬರುವ ವೇದಾವತಿ ವಾಣಿವಿಲಾಸ ಸಾಗರ ಸೇರುತ್ತದೆ. ಹಿರಿಯೂರು, ಚಿತ್ರದುರ್ಗದವರು ಆ ನೀರು ಕುಡಿಯುತ್ತಾರೆ.

ನಮ್ಮ ಹಿತ್ತಲಿಗೂ ಇದಕ್ಕೂ ಏನು ಸಂಬಂಧ? ಸೆಪ್ಟಿಕ್ ಟ್ಯಾಂಕಿನಲ್ಲಿ ಗಸಿ ತಳಕ್ಕೆ ಕೂರುತ್ತದೆ, ಜಿಡ್ಡು ತೇಲುತ್ತದೆ. ನಡುವಿನ ನೀರು ಇಂಗುಗುಂಡಿಗೆ ಹೋಗಿ ಮಣ್ಣಿನಲ್ಲಿ ಸೋಸುತ್ತದೆ. ಗಸಿ ತೆಗೆಸದಿದ್ದರೆ ಕೊಳಕೇ ಉಕ್ಕಿ ಚರಂಡಿ, ಹಳ್ಳ, ಕೆರೆ ಸೇರುತ್ತದೆ. ರೋಗಾಣು, ಪಾಚಿ ಹೆಚ್ಚುತ್ತವೆ.

ಮೊನ್ನೆ ಮೊಮ್ಮಗಳು, “ತಾತ, ನಮ್ಮ ಟ್ಯಾಂಕ್ ಯಾವಾಗ ಖಾಲಿ ಮಾಡಿಸಿದ್ದು?” ಅಂದಳು. ಬ್ಯಾಂಕಿನಲ್ಲಿ ಪೈಸೆ ಪೈಸೆಗೂ ಲೆಕ್ಕ ಬರೆದ ನಾನು ತಬ್ಬಿಬ್ಬಾದೆ. ಹಳೇ ರಸೀದಿ ಹುಡುಕಿದರೆ 11 ವರ್ಷ! ನಾಚಿಕೆಯಾಯಿತು. ಮರುದಿನವೇ ಹೀರುವ ಯಂತ್ರದ ಗಾಡಿ ಕರೆಸಿದೆ.

ಅಜ್ಜ-ಅಜ್ಜಿಯರೇ, ಎರಡು-ಮೂರು ವರ್ಷಕ್ಕೊಮ್ಮೆ ಗಸಿ ತೆಗೆಸಿ. ಅದನ್ನು ಎಲ್ಲಿ ಸುರಿಯುತ್ತಾರೆಂದು ಕೇಳಿ, ಹಳ್ಳಕ್ಕೆ ಬೇಡ. ಬಟ್ಟೆ, ಡೈಪರ್, ಅಡುಗೆ ಎಣ್ಣೆ, ಆಸಿಡ್ ಟ್ಯಾಂಕಿಗೆ ಹೋಗದಿರಲಿ. ಒಳಗೆ ಮನುಷ್ಯರನ್ನು ಎಂದೂ ಇಳಿಸಬೇಡಿ. ವಿಷಾನಿಲ ಜೀವ ತೆಗೆಯುತ್ತದೆ. ರಕ್ಷಣೆಯಿಲ್ಲದೆ ಇಳಿಸುವುದು 2013ರ ಕಾಯ್ದೆಯಂತೆ ಅಪರಾಧ.

ಮಕ್ಕಳೇ, ಮುಚ್ಚಳದ ಮೇಲೆ ಆಡಬೇಡಿ. ಟ್ಯಾಂಕ್ ಖಾಲಿ ಮಾಡಿಸಿದ ದಿನವನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ತಾತ ಮರೆತರೆ ನೀವೇ ನೆನಪಿಸಿ.