ಬೆಳೆಯುವ ಮಗುವಿಗೆ ಸಸ್ಯಾಹಾರ ಸಾಕೇ?

ಮಾಂಸ, ಮೊಟ್ಟೆ ತಿನ್ನದ ಮಗು ಸರಿಯಾಗಿ ಬೆಳೆಯುವುದೇ ಎಂಬ ಪ್ರಶ್ನೆ ಸಸ್ಯಾಹಾರಿ ಮನೆತನಗಳಿಗೆ ಮಾತ್ರ ಸೇರಿದ್ದೆಂದು ಅನೇಕರು ತಿಳಿದಿದ್ದಾರೆ. ವಾಸ್ತವದಲ್ಲಿ ಹಾಗಿಲ್ಲ. ತುಮಕೂರು, ಕೋಲಾರ, ಹಾಸನ, ಮಂಡ್ಯ ಜಿಲ್ಲೆಗಳ ಒಣಬೇಸಾಯದ ಹಳ್ಳಿಗಳಲ್ಲಿ ಮಾಂಸ ತಿನ್ನುವ ಮನೆಗಳಲ್ಲೂ ಅದು ಹಬ್ಬಕ್ಕೆ, ನೆಂಟರು ಬಂದಾಗ, ಹೆಚ್ಚೆಂದರೆ ವಾರಕ್ಕೊಮ್ಮೆ ಬೇಯುವ ಪದಾರ್ಥ. ಅದರಲ್ಲಿ ಎರಡು ಮೂರು ವರ್ಷದ ಮಗುವಿನ ಪಾಲಿಗೆ ಬರುವುದು ಖಾರ ತೊಳೆದ ಒಂದೆರಡು ಚೂರು. ಉಳಿದೆಲ್ಲ ದಿನ ಆ ಮಗುವೂ ರಾಗಿ, ಅಕ್ಕಿ, ಬೇಳೆ, ಸೊಪ್ಪಿನ ಮೇಲೆಯೇ ಬೆಳೆಯಬೇಕು. ಆದ್ದರಿಂದ ಈ ಪ್ರಶ್ನೆ ಬಹುಪಾಲು ರೈತ ಕುಟುಂಬಗಳದ್ದೂ ಹೌದು.

ಪ್ರಶ್ನೆ ಸಣ್ಣದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 35 ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರವಿರಲಿಲ್ಲ. ಆರು ತಿಂಗಳಿಗೆ ಮೇಲ್ಪಟ್ಟ ನೂರು ಮಕ್ಕಳಲ್ಲಿ 65ಕ್ಕೂ ಹೆಚ್ಚು ಮಕ್ಕಳಲ್ಲಿ ರಕ್ತಹೀನತೆ ಕಂಡುಬಂದಿತ್ತು. ಇವರೆಲ್ಲ ಸಸ್ಯಾಹಾರಿ ಮನೆಗಳ ಮಕ್ಕಳೇನಲ್ಲ. ಸಸ್ಯಾಹಾರದಿಂದ ಮಗು ಚೆನ್ನಾಗಿ ಬೆಳೆಯಬಲ್ಲದು. ಆದರೆ ಬರಿಯ ಮುದ್ದೆ, ಬರಿಯ ಅನ್ನ, ತಿಳಿಸಾರಿನಿಂದ ಬೆಳೆಯಲಾರದು. ಧಾನ್ಯದ ಜೊತೆಗೆ ಕಾಳು, ಹಾಲು, ಸೊಪ್ಪು, ಸ್ವಲ್ಪ ಜಿಡ್ಡು ಇವು ನಾಲ್ಕೂ ಸೇರಬೇಕು. ಈ ನಾಲ್ಕೂ ರೈತನ ಹೊಲ, ಹಿತ್ತಿಲು, ಕೊಟ್ಟಿಗೆಗಳಲ್ಲೇ ಹುಟ್ಟುವಂಥವು. ಅವು ಅಲ್ಲಿಂದ ಮಗುವಿನ ತಟ್ಟೆಗೆ ಬರುತ್ತಿವೆಯೇ ಎಂಬುದನ್ನು ನೋಡಬೇಕಾಗಿದೆ.

ರಾಗಿಯ ಬಲ, ರಾಗಿಯ ಕೊರತೆ

ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಅಷ್ಟೇ ತೂಕದ ಅಕ್ಕಿಯಲ್ಲಿ ಇರುವುದು 10 ಮಿಲಿಗ್ರಾಂನಷ್ಟು. ಮೂಳೆ, ಹಲ್ಲುಗಳು ಬೆಳೆಯುವ ವಯಸ್ಸಿನಲ್ಲಿ ಇದು ದೊಡ್ಡ ವ್ಯತ್ಯಾಸ. ರಾಗಿ ಬಡವರ ಕಾಳೆಂದು ಹೇಳಿ ಮಕ್ಕಳಿಗೆ ಅನ್ನವನ್ನೇ ರೂಢಿ ಮಾಡಿಸುವ ಮನೆಗಳು ಇದನ್ನು ಯೋಚಿಸಬೇಕು. ರಾಗಿಯಲ್ಲಿ ಸಸಾರಜನಕ, ಅಂದರೆ ಪ್ರೋಟೀನು, ನೂರಕ್ಕೆ 7 ಭಾಗದಷ್ಟಿದೆ. ಆದರೆ ಮೈ ಬೆಳೆಯಲು ಬೇಕಾದ ಲೈಸಿನ್ ಎಂಬ ಅಮೈನೊ ಆಮ್ಲ ಅದರಲ್ಲಿ ಕಡಿಮೆ; ಮಿಥಿಯೊನಿನ್ ಎಂಬುದು ಸಾಕಷ್ಟಿದೆ. ತೊಗರಿ, ಅವರೆ, ಹುರುಳಿ, ಅಲಸಂದೆಗಳಲ್ಲಿ ಇದಕ್ಕೆ ತಿರುಗುಮುರುಗು: ಸಸಾರಜನಕ ನೂರಕ್ಕೆ 20ಕ್ಕೂ ಮೇಲೆ, ಲೈಸಿನ್ ಧಾರಾಳ, ಮಿಥಿಯೊನಿನ್ ಕೊರತೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಮೂರು ನಾಲ್ಕು ಪಾಲು ಧಾನ್ಯಕ್ಕೆ ಒಂದು ಪಾಲು ಕಾಳು ಸೇರಿದರೆ ಆ ಆಹಾರದ ಸಸಾರಜನಕ ಎರಡರಲ್ಲಿ ಯಾವುದೊಂದಕ್ಕಿಂತಲೂ ಉತ್ತಮವಾಗುತ್ತದೆ.

ಹಿಂದಿನ ರೈತರು ಅಮೈನೊ ಆಮ್ಲದ ಹೆಸರು ಕೇಳಿದವರಲ್ಲ. ಆದರೂ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಬಿಡದೆ ಬಿತ್ತುತ್ತಿದ್ದರು. ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ ಎಲ್ಲವೂ ಒಂದೇ ಹೊಲದಿಂದ ಮನೆಗೆ ಬರುತ್ತಿದ್ದವು. ರಾಗಿಯ ಜೊತೆ ಕಾಳು, ಕಾಳಿನ ಜೊತೆ ಜಿಡ್ಡು. ಈಗ ಈ ಸಾಲುಗಳು ಕಾಣೆಯಾಗುತ್ತಿವೆ. ಯಂತ್ರದಿಂದ ಕೊಯ್ಯುವವರಿಗೆ ಅಕ್ಕಡಿ ಅಡ್ಡಿ. ರಾಗಿಯಲ್ಲಿ ಅಗಲ ಎಲೆಯ ಕಳೆಗೆ ಔಷಧಿ ಹೊಡೆಯುವ ಕಡೆ ಅವರೆ, ತೊಗರಿ ಉಳಿಯುವುದಿಲ್ಲ. ಕಾಳನ್ನು ಅಂಗಡಿಯಿಂದ ತರೋಣ ಎಂದುಕೊಂಡ ಮನೆಯಲ್ಲಿ ಬೆಲೆ ಏರಿದ ತಿಂಗಳು ಮೊದಲು ತೆಳುವಾಗುವುದು ಸಾರು.

ಸಾರಿನ ತಿಳಿಯಲ್ಲಿ ಏನಿದೆ?

ಬೇಳೆ ತಂದ ಮನೆಯಲ್ಲೂ ಅದು ಮಗುವಿಗೆ ಸಿಗುತ್ತದೆಂದು ಹೇಳುವಂತಿಲ್ಲ. ಮಗುವಿಗೆ ಖಾರವಾದೀತು, ಅರಗಲಾರದು ಎಂದು ಮೇಲಿನ ತಿಳಿಯನ್ನು ಮಾತ್ರ ಅನ್ನಕ್ಕೆ ಬೆರೆಸಿ ಉಣ್ಣಿಸುವುದು ವಾಡಿಕೆ. ತಳದ ಗಟ್ಟಿ ಬೇಳೆ ದೊಡ್ಡವರ ತಟ್ಟೆಗೆ ಹೋಗುತ್ತದೆ. ಬಸ್ಸಾರಿನಲ್ಲೂ ಇದೇ ಕಥೆ: ಕಾಳು, ಸೊಪ್ಪು ಪಲ್ಯಕ್ಕೆ, ಬಸಿದ ಕಟ್ಟು ಸಾರಿಗೆ, ಮಗುವಿಗೆ ಕಟ್ಟಿನ ಸಾರು. ಕಟ್ಟಿನಲ್ಲಿ ರುಚಿಯುಂಟು, ಲವಣಗಳೂ ಸ್ವಲ್ಪ ಇರುತ್ತವೆ. ಆದರೆ ಸಸಾರಜನಕ ಬಹುಪಾಲು ಕಾಳಿನಲ್ಲೇ ಉಳಿದಿರುತ್ತದೆ. ಮಗುವಿನ ಪಾಲನ್ನು ಖಾರ ಹಾಕುವ ಮುನ್ನವೇ ತೆಗೆದಿರಿಸಿ, ಬೆಂದ ಕಾಳನ್ನು ಬೆರಳಿನಿಂದ ನುಣ್ಣಗೆ ಹಿಸುಕಿ, ಒಂದು ಚಮಚ ಎಣ್ಣೆ ಅಥವಾ ತುಪ್ಪ ಸೇರಿಸಿ ಮೆತ್ತನೆಯ ಮುದ್ದೆಯೊಡನೆ ತಿನ್ನಿಸಬೇಕು. ಹಿತಕಿದ ಅವರೆಯಲ್ಲಿ ಸಿಪ್ಪೆ ಹೋಗಿರುವುದರಿಂದ ಅದು ಮಕ್ಕಳಿಗೆ ಸುಲಭವಾಗಿ ಅರಗುತ್ತದೆ. ಹುರುಳಿ, ಹೆಸರನ್ನು ಮೊಳಕೆ ಕಟ್ಟಿ ಬೇಯಿಸಿದರೆ ಇನ್ನೂ ಒಳ್ಳೆಯದು.

ಹೊಟ್ಟೆ ಸಣ್ಣದು, ಹಸಿವು ದೊಡ್ಡದು

ಐವತ್ತು ಅರವತ್ತು ವರ್ಷಗಳ ಹಿಂದೆ ಬಡ ಮಕ್ಕಳ ಕೊರತೆಯೆಲ್ಲ ಸಸಾರಜನಕದ್ದೇ ಎಂಬ ಮಾತು ಜಗತ್ತಿನಾದ್ಯಂತ ನಡೆಯುತ್ತಿತ್ತು. ನಮ್ಮ ದೇಶದಲ್ಲಿ ಡಾ. ಸಿ. ಗೋಪಾಲನ್ ಮತ್ತು ಪ್ರೊ. ಪಿ. ವಿ. ಸುಖಾತ್ಮೆ ಅವರು ಬೇರೆ ಅಭಿಪ್ರಾಯ ಮಂಡಿಸಿದರು: ಮಕ್ಕಳಿಗೆ ಮುಖ್ಯವಾಗಿ ಕಡಿಮೆಯಾಗಿರುವುದು ಒಟ್ಟು ಆಹಾರವೇ, ಅಂದರೆ ಕ್ಯಾಲೊರಿ. ಹೊಟ್ಟೆ ತುಂಬದ ಮಗುವಿನಲ್ಲಿ ತಿಂದ ಸಸಾರಜನಕವೂ ಮೈ ಬೆಳೆಸುವ ಬದಲು ಸೌದೆಯಂತೆ ಉರಿದುಹೋಗುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಪ್ರಕಟಿಸಿದ ಪಟ್ಟಿಯಂತೆ ನಾಲ್ಕರಿಂದ ಆರು ವರ್ಷದ ಮಗುವಿಗೆ ದಿನಕ್ಕೆ ಸುಮಾರು 1,360 ಕ್ಯಾಲೊರಿ, 16 ಗ್ರಾಂ ಸಸಾರಜನಕ, 550 ಮಿಲಿಗ್ರಾಂ ಸುಣ್ಣದಂಶ ಬೇಕು. 120 ಗ್ರಾಂ ರಾಗಿ, 50 ಗ್ರಾಂ ಅಕ್ಕಿ, 35 ಗ್ರಾಂ ಕಾಳು, 20 ಗ್ರಾಂ ಕಡಲೆಕಾಯಿ ಬೀಜ, ಕಾಲು ಲೀಟರ್ ಹಾಲು, ನಾಲ್ಕು ಚಮಚ ಎಣ್ಣೆ ಅಥವಾ ತುಪ್ಪ, ಒಂದು ತುಂಡು ಬೆಲ್ಲ, ಒಂದು ಬಾಳೆಹಣ್ಣು, ಒಂದು ಹಿಡಿ ಸೊಪ್ಪು ಇಷ್ಟನ್ನು ದಿನವಿಡೀ ತಿಂದ ಮಗುವಿಗೆ ಸಸಾರಜನಕ 30 ಗ್ರಾಂ ಮೀರುತ್ತದೆ, ಸುಣ್ಣದಂಶ 700 ಮಿಲಿಗ್ರಾಂ ಮುಟ್ಟುತ್ತದೆ. ಕ್ಯಾಲೊರಿ ಮಾತ್ರ ಲೆಕ್ಕಕ್ಕೆ ಸರಿಸಮವಾಗಿ ಬರುತ್ತದೆ. ಇದರಲ್ಲಿ ಎಣ್ಣೆ, ಕಡಲೆಕಾಯಿ, ಬೆಲ್ಲ ತೆಗೆದರೆ ಸುಮಾರು ಕಾಲು ಭಾಗದಷ್ಟು ಕಡಿಮೆ ಬೀಳುತ್ತದೆ. ಕೊರತೆ ಮೊದಲು ಕಾಣುವುದು ಅಲ್ಲಿ. ದೊಡ್ಡವರಂತೆ ಎರಡು ಹೊತ್ತು ಉಂಡರೆ ಇಷ್ಟೆಲ್ಲ ಮಗುವಿನ ಹೊಟ್ಟೆಗೆ ಹಿಡಿಸುವುದಿಲ್ಲ. ದಿನಕ್ಕೆ ನಾಲ್ಕೈದು ಸಲ ತಿನ್ನಬೇಕು. ಕಡಲೆಕಾಯಿಯನ್ನು ಚಿಕ್ಕ ಮಕ್ಕಳಿಗೆ ಇಡಿಯಾಗಿ ಕೊಡದೆ ಪುಡಿ ಮಾಡಿ ಕೊಡಬೇಕು. ಬೂಷ್ಟು ಹಿಡಿದ, ಕಪ್ಪಾದ ಬೀಜವನ್ನಂತೂ ಮಕ್ಕಳ ಬಾಯಿಗೆ ಇಡಲೇಬಾರದು. ಅದರಲ್ಲಿ ಯಕೃತ್ತಿಗೆ ಕೇಡು ಮಾಡುವ ಅಫ್ಲಟಾಕ್ಸಿನ್ ವಿಷವಿರುತ್ತದೆ.

ಹಸುಗೂಸಿಗೆ ಮೊದಲ ಆರು ತಿಂಗಳು ತಾಯಿಯ ಹಾಲಷ್ಟೇ ಸಾಕು. ಕಷ್ಟದ ಕಾಲ ಅದರ ನಂತರದ್ದು. ರಾಗಿ ಸರಿ ಕಾಯಿಸಿದಾಗ ಸ್ವಲ್ಪ ಹಿಟ್ಟಿಗೇ ಗಟ್ಟಿಯಾಗಿ ನಿಲ್ಲುತ್ತದೆ. ಕೂಸು ನುಂಗಲೆಂದು ನೀರು ಸುರಿದರೆ ಹೊಟ್ಟೆ ತುಂಬುವುದು ನೀರಿನಿಂದ. ಇದಕ್ಕೆ ಮೊಳಕೆ ರಾಗಿಯ ಹಿಟ್ಟು ಒಳ್ಳೆಯ ಉಪಾಯ. ರಾಗಿಯನ್ನು ಒಂದು ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಒಂದೆರಡು ದಿನ ಕಟ್ಟಿಟ್ಟು, ಮೊಳಕೆ ಬಂದ ಮೇಲೆ ಚೆನ್ನಾಗಿ ಒಣಗಿಸಿ, ಉಜ್ಜಿ ಮೊಳಕೆ ಬೇರನ್ನು ಕೇರಿ ತೆಗೆದು, ಸಣ್ಣ ಉರಿಯಲ್ಲಿ ಬೆಚ್ಚಗೆ ಮಾತ್ರ ಹುರಿದು ಬೀಸಿಕೊಳ್ಳಬೇಕು. ಹೆಚ್ಚು ಹುರಿದರೆ ಪಿಷ್ಟವನ್ನು ಕರಗಿಸುವ ಕಿಣ್ವ ಸಾಯುತ್ತದೆ. ಗಟ್ಟಿಯಾಗಿ ಕಾಯಿಸಿದ ಗಂಜಿಯನ್ನು ಒಲೆಯಿಂದ ಇಳಿಸಿ, ಬಿಸಿ ಇರುವಾಗಲೇ ಈ ಹಿಟ್ಟನ್ನು ಒಂದು ಚಮಚ ಕಲಸಿದರೆ ಸ್ವಲ್ಪ ಹೊತ್ತಿನಲ್ಲಿ ಗಂಜಿ ಕುಡಿಯುವ ಹದಕ್ಕೆ ತೆಳುವಾಗುತ್ತದೆ. ನಂತರ ಒಂದು ಕುದಿ ಬರಿಸಿ ಆರಿಸಿ ಕೊಡಬೇಕು. ನೀರು ಸೇರಿಸದೆಯೇ ಗಂಜಿ ತೆಳುವಾಗುವುದರಿಂದ ಅದೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಹೊಟ್ಟೆಗೆ ಸೇರುತ್ತದೆ. ಮೊಳಕೆ ಬರಿಸುವುದರಿಂದ ಕಬ್ಬಿಣವನ್ನು ಹಿಡಿದಿಡುವ ಫೈಟೇಟೂ ಇಳಿಯುತ್ತದೆ.

ಹೊಲದಲ್ಲಿ ಬೆಳೆಯದ ಒಂದು ಸತ್ವ

ಜೀವಸತ್ವ ಬಿ-12 ಯಾವ ಕಾಳು, ಸೊಪ್ಪು, ಹಣ್ಣಿನಲ್ಲೂ ಲೆಕ್ಕಕ್ಕೆ ಬರುವಷ್ಟು ಇಲ್ಲ. ರಕ್ತಕ್ಕೂ ನರಗಳಿಗೂ ಅದು ಬೇಕೇ ಬೇಕು. ಸಸ್ಯಾಹಾರಿ ಮಗುವಿಗೆ ಅದು ಬರುವ ಸಹಜ ದಾರಿ ಹಾಲು, ಮೊಸರು, ಮಜ್ಜಿಗೆ. ಹಸುವೂ ಅದನ್ನು ಸ್ವತಃ ತಯಾರಿಸುವುದಿಲ್ಲ. ಮೇವಿನೊಡನೆ ಬಂದ ಕೋಬಾಲ್ಟ್ ಎಂಬ ಲವಣವನ್ನು ಬಳಸಿ ಅದರ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ತಯಾರಿಸಿಕೊಡುತ್ತವೆ. ಹಸುವಿಗೆ ಲವಣ ಮಿಶ್ರಣ ತಿನ್ನಿಸುವುದು ಕರೆಯುವ ಲೀಟರಿಗಷ್ಟೇ ಎಂದು ತಿಳಿದವರು ಇದನ್ನೂ ಗಮನಿಸಬಹುದು.

ಕಾಲು ಲೀಟರ್ ಹಾಲಿನಲ್ಲಿ ಸುಮಾರು 1 ಮೈಕ್ರೋಗ್ರಾಂ ಬಿ-12 ಇದ್ದು, ಚಿಕ್ಕ ಮಗುವಿನ ಅಗತ್ಯದ ದೊಡ್ಡ ಪಾಲು ಅದರಿಂದಲೇ ಪೂರೈಸುತ್ತದೆ. ಹಾಲನ್ನು ಮತ್ತೆ ಮತ್ತೆ ಕುದಿಸಿದರೆ ಸ್ವಲ್ಪ ನಷ್ಟವಾಗುತ್ತದೆ. ಒಮ್ಮೆ ಕಾಯಿಸಿದರೆ ಸಾಕು. ಆದರೆ ಎರಡು ಸೀಮೆ ಹಸು ಕಟ್ಟಿದ ಮನೆಯಲ್ಲೇ ಬೆಳಿಗ್ಗೆ, ಸಂಜೆ ಕರೆದ ಹಾಲೆಲ್ಲ ಡೇರಿಗೆ ಹೋಗಿ, ಮಗುವಿಗೆ ಉಳಿಯುವುದು ಹಾಲು ತೋರಿಸಿದ ಚಹಾ. ಆ ಚಹಾದ ಒಗರು ಅಂಶ ಊಟದ ಕಬ್ಬಿಣವನ್ನೂ ಮೈಗೆ ಹತ್ತಗೊಡುವುದಿಲ್ಲ. ಹೊತ್ತಿಗೆ ನಾಲ್ಕು ಲೀಟರ್ ಕರೆಯುವ ಹಸುವಿನ ದಿನದ ಹಾಲಿನಲ್ಲಿ ಕಾಲು ಲೀಟರ್ ಎಂದರೆ ಮೂವತ್ತೆರಡರಲ್ಲಿ ಒಂದು ಪಾಲು. ಕ್ಯಾನಿಗೆ ಸುರಿಯುವ ಮುನ್ನ ಇದನ್ನು ತೆಗೆದಿರಿಸುವುದು ಮನೆಯ ಯಜಮಾನನ ಕೆಲಸ. ಲೆಕ್ಕದ ಪುಸ್ತಕ ಅವನ ಕೈಯಲ್ಲಿರುವಾಗ ಹೆಂಗಸರನ್ನು ದೂರಿ ಪ್ರಯೋಜನವಿಲ್ಲ.

ಬಸುರಿ, ಬಾಣಂತಿಯರ ವಿಷಯ ಇನ್ನೂ ಮುಖ್ಯ. ತಾಯಿಯ ಮೈಯಲ್ಲಿ ಬಿ-12 ಇಲ್ಲದಿದ್ದರೆ ಮೊಲೆಹಾಲಿನಲ್ಲೂ ಇರುವುದಿಲ್ಲ. ಸಸ್ಯಾಹಾರಿ ತಾಯಂದಿರ ಎದೆಹಾಲನ್ನೇ ನೆಚ್ಚಿದ ಶಿಶುಗಳಲ್ಲಿ ಈ ಕೊರತೆಯಿಂದ ಬರುವ ಕಾಯಿಲೆಯನ್ನು ವೆಲ್ಲೂರಿನ ವೈದ್ಯರು 1962ರಲ್ಲೇ ವರದಿ ಮಾಡಿದ್ದರು. ಕೂಸು ಬಿಳಿಚಿಕೊಳ್ಳುತ್ತದೆ, ಬೆರಳ ಗೆಣ್ಣುಗಳ ಚರ್ಮ ಕಪ್ಪಾಗುತ್ತದೆ, ನಗುವುದು, ಕೂರುವುದು ಕಲಿತದ್ದೂ ಮರೆತಂತಾಗುತ್ತದೆ, ಕೆಲವೊಮ್ಮೆ ಕೈಕಾಲು, ತಲೆ ನಡುಗುತ್ತವೆ. ಇಂಥ ಕೂಸನ್ನು ಕಂಡರೆ ಗಾಳಿ, ದೃಷ್ಟಿ ಎಂದು ದಿನ ಕಳೆಯದೆ ವೈದ್ಯರಲ್ಲಿಗೆ ಒಯ್ಯಬೇಕು. ಬೇಗ ತಿಳಿದರೆ ಔಷಧಿಗೆ ಬಗ್ಗುವ ಕಾಯಿಲೆ ಇದು. ತಡವಾದರೆ ಬುದ್ಧಿಯ ಬೆಳವಣಿಗೆ ಹಿಂದೆ ಉಳಿಯಬಹುದು. ಹಾಲು, ಮಜ್ಜಿಗೆ, ಮೊಟ್ಟೆ ಯಾವುದನ್ನೂ ಮುಟ್ಟದ ತಾಯಂದಿರು ಬಸುರಿನಲ್ಲೇ ವೈದ್ಯರನ್ನು ಕೇಳಿ ಬಿ-12 ಮಾತ್ರೆ ತೆಗೆದುಕೊಳ್ಳಬೇಕು.

ಶಾಲೆಗಳಲ್ಲಿ ಮೊಟ್ಟೆ ಹಂಚುವ ಯೋಜನೆ ಬಂದಾಗ ಅದನ್ನು ತಿನ್ನದ ಮಕ್ಕಳಿಗೆ ಬಾಳೆಹಣ್ಣು ಅಥವಾ ಕಡಲೆಕಾಯಿ ಚಿಕ್ಕಿ ಎಂದು ಗೊತ್ತುಮಾಡಲಾಯಿತು. ಮೊಟ್ಟೆ ತಿನ್ನುವುದು, ಬಿಡುವುದು ಆಯಾ ಮನೆಯ ವಿಚಾರ. ಆದರೆ ಮೊಟ್ಟೆಯಲ್ಲಿ 6 ಗ್ರಾಂ ಸಸಾರಜನಕವಿದ್ದರೆ ಬಾಳೆಹಣ್ಣಿನಲ್ಲಿ ಇರುವುದು 1 ಗ್ರಾಂ. ಅದು ಇದಕ್ಕೆ ಬದಲಿ ಅಲ್ಲ. ಚಿಕ್ಕಿ ವಾಸಿ, ಅದರಲ್ಲೂ ಬಿ-12 ಇಲ್ಲ. 2013ರಲ್ಲಿ ಆರಂಭವಾದ ಕ್ಷೀರಭಾಗ್ಯದ ಹಾಲನ್ನು ಮಗು ಶಾಲೆಯಲ್ಲಿ ಚೆಲ್ಲದೆ ಕುಡಿಯುತ್ತದೆಯೇ ಎಂದು ಇಂಥ ಮನೆಯವರು ವಿಚಾರಿಸಿಕೊಳ್ಳಬೇಕು.

ಕಬ್ಬಿಣ ಮತ್ತು ಸೊಪ್ಪು

ರಾಗಿ, ಹುರುಳಿ, ಸೊಪ್ಪುಗಳಲ್ಲಿ ಕಬ್ಬಿಣವಿದ್ದರೂ ಮೈಗೆ ಹತ್ತುವುದು ಸ್ವಲ್ಪವೇ. ನಿಂಬೆ, ನೆಲ್ಲಿ, ಸೀಬೆಹಣ್ಣು ಊಟದ ಜೊತೆ ಇದ್ದರೆ ಹತ್ತುವ ಪ್ರಮಾಣ ಹೆಚ್ಚುತ್ತದೆ. ಊಟಕ್ಕೆ ಹಿಂದೆ ಮುಂದೆ ಚಹಾ ಬೇಡ. ಇಷ್ಟಾದರೂ ಚಿಕ್ಕ ಮಕ್ಕಳಿಗೆ ಊಟದ ಕಬ್ಬಿಣ ಸಾಲದೆ ಬರುವುದುಂಟು. ಆರೋಗ್ಯ ಕಾರ್ಯಕರ್ತೆಯರು ಕೊಡುವ ಕಬ್ಬಿಣದ ಟಾನಿಕ್ಕನ್ನು ಮಲ ಕಪ್ಪಾಗುತ್ತದೆಂದು ನಿಲ್ಲಿಸಬಾರದು. ಜಂತುಹುಳುವಿನ ಮಾತ್ರೆಯನ್ನೂ ತಪ್ಪಿಸಬಾರದು.

ಬಚ್ಚಲ ನೀರು ಹರಿಯುವ ಕಡೆ ಒಂದು ನುಗ್ಗೆ, ಒಂದು ಪರಂಗಿ ಇದ್ದರೆ ಕಣ್ಣಿಗೆ ಬೇಕಾದ ಎ ಜೀವಸತ್ವದ ಚಿಂತೆ ಬಹುಮಟ್ಟಿಗೆ ತೀರುತ್ತದೆ. ನುಗ್ಗೆಸೊಪ್ಪಿನ ನೂರು ಗ್ರಾಂನಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣದಂಶವೂ ಇದೆ. ಸೊಪ್ಪನ್ನು ಒಗ್ಗರಣೆಯ ಎಣ್ಣೆಯಿಲ್ಲದೆ ಬೇಯಿಸಿದರೆ ಆ ಜೀವಸತ್ವ ಚೆನ್ನಾಗಿ ಹೀರಿಕೆಯಾಗುವುದಿಲ್ಲ.

ಅಕ್ಕಡಿ ಸಾಲು ಮತ್ತೆ ಬರಲಿ

ಮಗುವೊಂದಕ್ಕೆ ದಿನಕ್ಕೆ 35 ಗ್ರಾಂನಂತೆ ವರ್ಷಕ್ಕೆ ಸುಮಾರು 13 ಕಿಲೊ ಕಾಳು ಬೇಕು. ಒಂದು ಎಕರೆ ರಾಗಿಯ ಅಕ್ಕಡಿಯಲ್ಲಿ ಅರ್ಧ ಕ್ವಿಂಟಾಲ್ ಕಾಳು ಬಂದರೂ ಮೂರು ಮಕ್ಕಳ ವರ್ಷದ ಬೇಳೆ ಮನೆಯಲ್ಲೇ ಆದಂತೆ. ರಾಗಿಯ ಎಂಟು ಸಾಲಿಗೆ ಎರಡು ಸಾಲು ತೊಗರಿ, ಅಥವಾ ಎಂಟಕ್ಕೆ ಒಂದು ಸಾಲು ಅವರೆ ಬಿತ್ತಬಹುದು. ಯಂತ್ರದಿಂದ ಕೊಯ್ಯುವವರು ಹೊಲದ ಒಂದು ಮಗ್ಗುಲಿನಲ್ಲಿ ಕಾಳಿಗೇ ಬೇರೆ ಪಟ್ಟೆ ಬಿಟ್ಟುಕೊಳ್ಳಲಿ. ಕಳೆ ಔಷಧಿಯನ್ನು ಆ ಕಡೆ ಹಾಯಿಸಬಾರದು. ನಾಟಿ ಅವರೆ ಹಗಲು ಕುಗ್ಗಿದಾಗ ಮಾತ್ರ ಹೂ ಬಿಡುತ್ತದೆ. ಹೆಬ್ಬಾಳ ಅವರೆ-3 ಮತ್ತು 4 ತಳಿಗಳಿಗೆ ಆ ಕಟ್ಟಿಲ್ಲ; ನೀರಿದ್ದಲ್ಲಿ ವರ್ಷದ ಯಾವ ಕಾಲದಲ್ಲೂ ಹಾಕಬಹುದು. ಸೊಗಡಿಗೆ ನಾಟಿ ಅವರೆಯೇ ಸರಿ ಎನ್ನುವವರು ಬದುವಿಗೆ ಅದನ್ನು, ಹಿತ್ತಿಲಿಗೆ ಇದನ್ನು ಹಾಕಿಕೊಳ್ಳಲಿ.

ಇಷ್ಟೆಲ್ಲ ಮಾಡಿದ್ದು ಮಗುವಿಗೆ ಹತ್ತುತ್ತಿದೆಯೇ ಎಂಬುದನ್ನು ಹೇಳುವುದು ತಕ್ಕಡಿ. ಹುಟ್ಟಿದಾಗಿನ ತೂಕ ಐದಾರು ತಿಂಗಳಿಗೆ ಎರಡರಷ್ಟು, ವರ್ಷ ತುಂಬುವಾಗ ಮೂರರಷ್ಟು ಆಗಬೇಕು. ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ತೂಗಿಸಿ ಕಾರ್ಡಿನ ಗೆರೆಯನ್ನು ನೋಡಬೇಕು. ಎರಡು ತಿಂಗಳು ಗೆರೆ ಏರದೆ ನಿಂತರೆ ಮೂರನೆಯ ತಿಂಗಳಿಗೆ ಕಾಯದೆ ವೈದ್ಯರಿಗೆ ತೋರಿಸಬೇಕು.