ಚಹಾದ ಮೇಜೇ ಕಚೇರಿ

ಕಳೆದ ಬೇಸಗೆಯ ಒಂದು ದಿನ, ಮುಂಜಾನೆ ಹನ್ನೊಂದರ ಸುಮಾರಿಗೆ, ರಾಯಚೂರಿನ ತೀನ್ ಕಂದೀಲಿನಿಂದ ಸ್ವಲ್ಪ ದೂರದಲ್ಲಿರುವ ಒಂದು ಚಹಾದ ಹೋಟೆಲನ್ನು ಹೊಕ್ಕೆ. ನಮ್ಮೂರಿನ ಬೇಸಗೆಯನ್ನು ಬಲ್ಲವರಿಗೆ, ಆ ಹೊತ್ತಿನಲ್ಲಿ ಮನುಷ್ಯನು ಹೋಟೆಲು ಹೊಗುವುದು ಚಹಾಕ್ಕಿಂತ ಹೆಚ್ಚಾಗಿ ನೆರಳಿಗಾಗಿ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಗ್ಗರಣೆ-ಮಿರ್ಚಿಯ ಗದ್ದಲ ಮುಗಿದಿತ್ತು. ಹುಡುಗನೊಬ್ಬ ಒದ್ದೆ ಅರಿವೆಯಿಂದ ಮೇಜುಗಳನ್ನು ಒರೆಸುತ್ತಿದ್ದ. ಹಿಂದಿನ ಮೂಲೆಯಲ್ಲಿ, ಗೋಡೆಯ ವಿದ್ಯುತ್ ಗುಂಡಿಯ ಪಕ್ಕದಲ್ಲಿ, ತರುಣನೊಬ್ಬನು ಲ್ಯಾಪ್‌ಟಾಪನ್ನು ತೆರೆದುಕೊಂಡು, ಕಿವಿಗೆ ಯಂತ್ರ ಸಿಕ್ಕಿಸಿಕೊಂಡು, ಯಾರೊಡನೆಯೋ ಇಂಗ್ಲಿಷಿನಲ್ಲಿ ಗಂಭೀರವಾಗಿ ಮಾತನಾಡುತ್ತಿದ್ದನು. ನೋಡಿದರೆ ನನ್ನ ಹಳೆಯ ವಿದ್ಯಾರ್ಥಿ! ಹತ್ತಿರ ಹೋಗಬೇಕೆನ್ನುವಷ್ಟರಲ್ಲಿ ಗಲ್ಲಾದ ಮೇಲಿದ್ದ ಮಾಲೀಕರು ಕೈ ಸನ್ನೆಯಿಂದ ತಡೆದರು.

“ಅವನ ಮೀಟಿಂಗ್ ನಡೆದೈತ್ರಿ ಸರ. ಹತ್ತು ಮಿನಿಟ್ ಇಲ್ಲೇ ಕುಂದ್ರಿ. ಅದು ಅವನ ಆಫೀಸು.”

ನಾನು ಬೆರಗಾದೆ, ಬಳಿಕ ಆಜ್ಞಾಧಾರಕನಾಗಿ ಕುಳಿತೆ. ತರಗತಿಯಲ್ಲಿ ನಾಲ್ಕು ವರ್ಷಗಳ ಹಿಂದೆ ಈ ಹುಡುಗನನ್ನು ಹಿಂದಿನ ಬೆಂಚಿನಿಂದ ಎಬ್ಬಿಸಿ ನಿಲ್ಲಿಸುತ್ತಿದ್ದವನು ನಾನು. ಈಗ ಅವನ ಬಿಡುವಿಗಾಗಿ ಕಾಯುವ ಸರದಿ ನನ್ನದು.

ಹುಡುಗನು ದೇವದುರ್ಗ ತಾಲೂಕಿನ ಒಂದು ಹಳ್ಳಿಯವನು. ಓದು ಮುಗಿಸಿ ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಉದ್ಯೋಗ ಪಡೆದಿದ್ದ. ತಂದೆಗೆ ಮೂತ್ರಪಿಂಡಗಳ ವೈಫಲ್ಯವೆಂದು ತಿಳಿದ ಮೇಲೆ, ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗಲೇಬೇಕೆಂದು ವೈದ್ಯರು ವಿಧಿಸಿದ ಮೇಲೆ, ಮೇಲಧಿಕಾರಿಗಳನ್ನು ಬೇಡಿಕೊಂಡು ಊರಿಗೆ ಮರಳಿದ. ಹಳ್ಳಿಯಲ್ಲಿ ಮೊಬೈಲಿನ ಸಂಕೇತ ಸಿಗುವುದು ಮಾಳಿಗೆಯ ಮೇಲೆ ಮಾತ್ರ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಮಾಳಿಗೆಯ ಮೇಲೆ ಕುಳಿತವನ ಲ್ಯಾಪ್‌ಟಾಪ್ ಮೊದಲು ಬೆಂದಿತು, ಅನಂತರ ಅವನು. ದೇವದುರ್ಗದ ಬಸ್ ನಿಲ್ದಾಣದ ಬಳಿಯ ಹೋಟೆಲೊಂದನ್ನು ಪ್ರಯತ್ನಿಸಿದ. ಅಲ್ಲಿ ಬಸ್ಸುಗಳ ಹೆಸರನ್ನು ಕೂಗುವ ಧ್ವನಿ ಇವನ ಮೀಟಿಂಗಿನ ನಡುವೆ ನುಸುಳಿ, ಬೆಂಗಳೂರಿನಲ್ಲಿದ್ದ ಸಹೋದ್ಯೋಗಿಗಳಿಗೆಲ್ಲ ಲಿಂಗಸುಗೂರಿನ ಬಸ್ಸು ಹೊರಡುವ ವೇಳೆ ಬಾಯಿಪಾಠವಾಯಿತಂತೆ. ಕೊನೆಗೆ ರಾಯಚೂರಿನಲ್ಲಿಯೇ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದು, ತಂದೆತಾಯಿಗಳನ್ನು ಕರೆತಂದ. ಒಂದೇ ಕೋಣೆ, ಅದರಲ್ಲಿಯೇ ಅಡಿಗೆ, ಅದರಲ್ಲಿಯೇ ರೋಗಿಯ ಹಾಸಿಗೆ, ಅದರಲ್ಲಿಯೇ ನೋಡಲು ಬರುವ ಬಂಧುಬಳಗ. ಕೆಲಸ ಮಾಡುವುದೆಲ್ಲಿ? ಡಯಾಲಿಸಿಸ್ ಒಂದು ಸಲಕ್ಕೆ ನಾಲ್ಕು ಗಂಟೆ ಹಿಡಿಯುತ್ತದೆ. ತಂದೆಯನ್ನು ಆಸ್ಪತ್ರೆಯಲ್ಲಿ ಮಲಗಿಸಿ, ತಾಯಿಯನ್ನು ಹತ್ತಿರ ಕೂಡಿಸಿ, ಕೂಗಳತೆಯಲ್ಲಿರುವ ಈ ಹೋಟೆಲಿಗೆ ಬಂದು ಕುಳಿತುಕೊಳ್ಳುವನು. ಉಳಿದ ದಿನಗಳಲ್ಲಿಯೂ ಅದೇ ಮೂಲೆ ರೂಢಿಯಾಗಿಬಿಟ್ಟಿತು.

ಹೋಟೆಲಿನಲ್ಲಿ ಕುಳಿತು ದುಡಿಯುವುದು ಹೊಸ ಕಾಲದ ಷೋಕಿ ಎಂದು ಮೂಗು ಮುರಿಯುವ ಹಿರಿಯರು ನಮ್ಮಲ್ಲಿ ಅನೇಕರಿದ್ದಾರೆ. ಅವರು ಒಂದಿಷ್ಟು ಹಿಂದಕ್ಕೆ ನೋಡಬೇಕು. ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ ಲಂಡನ್ ನಗರದಲ್ಲಿ ಎಡ್ವರ್ಡ್ ಲಾಯ್ಡ್ ಎಂಬುವನು ಒಂದು ಕಾಫಿ ಅಂಗಡಿಯನ್ನು ಇಟ್ಟಿದ್ದನು. ಹಡಗುಗಳ ಒಡೆಯರೂ ವರ್ತಕರೂ ಅಲ್ಲಿ ಕಲೆತು, ಯಾವ ಹಡಗು ಮುಳುಗಿತು, ಯಾವುದು ದಡ ಸೇರಿತು ಎಂಬ ವಾರ್ತೆಯನ್ನು ಕೇಳುತ್ತ, ಕಾಫಿಯ ಬಟ್ಟಲುಗಳ ನಡುವೆಯೇ ಹಡಗಿನ ವಿಮೆಗೆ ರುಜು ಹಾಕುತ್ತಿದ್ದರು. ಇಂದು ಜಗತ್ತಿಗೆಲ್ಲ ಗೊತ್ತಿರುವ ಲಾಯ್ಡ್ಸ್ ವಿಮಾ ಸಂಸ್ಥೆಯ ಮೂಲ ಆ ಅಂಗಡಿಯೇ. ಅದೇ ನಗರದ ಜೊನಾಥನ್ಸ್ ಎಂಬ ಇನ್ನೊಂದು ಕಾಫಿ ಮನೆಯಲ್ಲಿ 1698ರಲ್ಲಿ ಷೇರುಗಳ ಧಾರಣೆಯ ಪಟ್ಟಿಯನ್ನು ಹೊರಡಿಸತೊಡಗಿದರು. ಲಂಡನ್ನಿನ ಷೇರುಪೇಟೆ ಹುಟ್ಟಿದ್ದು ಹೀಗೆ. ನಮ್ಮ ನಾಡಿನಲ್ಲಿಯೇ, 1995ರ ಆಗಸ್ಟ್ 15ರಂದು ಭಾರತದಲ್ಲಿ ಇಂಟರ್‌ನೆಟ್ ಸಾರ್ವಜನಿಕರಿಗೆ ದೊರಕಿದ ಮರುವರ್ಷ, ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಆರಂಭವಾದ ಮೊದಲ ಕೆಫೆ ಕಾಫಿ ಡೇ, ಕಾಫಿಯ ಜೊತೆಗೆ ಇಂಟರ್‌ನೆಟ್ಟನ್ನೂ ಮಾರಿತು.

ಇಷ್ಟು ದೂರ ಹೋಗುವುದೇಕೆ? 1871ರಲ್ಲಿ ಮುಂಬಯಿಯ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯೂ ಮದರಾಸಿನ ಕಡೆಯಿಂದ ಬಂದ ಮದ್ರಾಸ್ ರೈಲ್ವೆಯೂ ಕೈಕೂಡಿಸಿದ್ದು ನಮ್ಮ ರಾಯಚೂರಿನಲ್ಲಿ. ಅಂಥ ಕೂಡುದಾರಿಯ ಊರಿನಲ್ಲಿ ವ್ಯಾಪಾರ ಬೆಳೆಯದಿರುವುದೇ? ಹತ್ತಿ, ಶೇಂಗಾ, ಭತ್ತ ಎಂದು ಮಂಡಿಗೆ ಬಂದ ದಲಾಲರಿಗೆ ಸ್ವಂತ ಕಚೇರಿಗಳೆಲ್ಲಿದ್ದವು! ಒಂದು ಅರ್ಧ ಚಹಾ, ಒಂದು ಬೆಂಚು. ರುಮಾಲಿನ ಅಡಿಯಲ್ಲಿ ಬೆರಳು ಹಿಡಿದರೆ ಸಾವಿರಾರು ರೂಪಾಯಿಗಳ ವ್ಯವಹಾರ ಕುದುರುತ್ತಿತ್ತೆಂದು ನಮ್ಮ ತಂದೆಯವರು ಹೇಳುತ್ತಿದ್ದರು. ಕೋರ್ಟಿನ ಮುಂದಿನ ಹೋಟೆಲುಗಳಲ್ಲಿ ಅರ್ಜಿ ಬರೆಯುವವರು, ಬಸ್ ನಿಲ್ದಾಣದ ಹೋಟೆಲುಗಳಲ್ಲಿ ಪತ್ರಿಕಾ ಬಾತ್ಮೀದಾರರು, ಸಂಜೆಯ ಹೊತ್ತಿಗೆ ನಮ್ಮಂಥ ಸಾಹಿತ್ಯದ ಹುಚ್ಚಿನವರು. ಹೆಚ್ಚೇಕೆ, ಈ ಲೇಖಕನ ಎಂ.ಎ. ಪರೀಕ್ಷೆಯ ಟಿಪ್ಪಣಿಗಳ ಅರ್ಧಭಾಗದ ಮೇಲೆ ಚಹಾದ ಬಟ್ಟಲಿನ ದುಂಡು ಕಲೆಗಳಿವೆ. ಆದುದರಿಂದ ನನ್ನ ವಿದ್ಯಾರ್ಥಿಯು ಹೊಸದೇನನ್ನೂ ಮಾಡಲಿಲ್ಲ. ಬಟ್ಟಲಿನ ಪಕ್ಕಕ್ಕೆ ಒಂದು ಯಂತ್ರವನ್ನಿಟ್ಟ, ಅಷ್ಟೇ.

ಹೊಸದಾದದ್ದು ಬೇರೊಂದಿದೆ. ಮೊದಲು ಹೋಟೆಲಿನಲ್ಲಿ ಕುಳಿತವನ ಕೆಲಸವೂ ಇದೇ ಊರಿನದಾಗಿತ್ತು. ಈಗ ಆಳು ಇಲ್ಲಿ, ಕೆಲಸ 400 ಕಿಲೋಮೀಟರು ದೂರದ ಬೆಂಗಳೂರಿನದು. ಇಂಥ ದೂರದ ದುಡಿಮೆಗೆ ಅಮೆರಿಕದ ಜಾಕ್ ನಿಲ್ಲೆಸ್ ಎಂಬ ವಿಜ್ಞಾನಿ 1973ರಲ್ಲಿಯೇ ಒಂದು ಹೆಸರಿಟ್ಟಿದ್ದನು. ಆದರೆ ಹೆಸರು ನಮ್ಮ ಹಳ್ಳಿಗಳನ್ನು ಮುಟ್ಟಲು 2020ರ ಮಾರ್ಚ್ ತಿಂಗಳ ಲಾಕ್‌ಡೌನ್ ಬರಬೇಕಾಯಿತು. ದೇವದುರ್ಗ, ಮಾನ್ವಿಗಳಲ್ಲಿ ‘ಗುಳೆ’ ಎಂಬ ಶಬ್ದವನ್ನು ಅರಿಯದ ಮಗುವಿಲ್ಲ. ಸುಗ್ಗಿ ಮುಗಿದೊಡನೆ ಗಂಟುಮೂಟೆ ಕಟ್ಟಿ, ಬೆಂಗಳೂರಿಗೋ ಹೈದರಾಬಾದಿಗೋ ಪುಣೆಗೋ ಕಟ್ಟಡದ ಕೆಲಸಕ್ಕೆ ಹೋಗುವ ಸಂಸಾರಗಳ ಹೆಸರದು. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿ ಕರ್ನಾಟಕದ 39 ತಾಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿದಾಗ ಆ ಪಟ್ಟಿಯಲ್ಲಿ ದೇವದುರ್ಗವಿತ್ತು. ನಾರಾಯಣಪುರ ಬಲದಂಡೆ ಕಾಲುವೆಯ ನೀರು, ಮಾನ್ವಿಯ ಕಡೆಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದರೂ, ಕಾಲುವೆಯ ಕೊನೆಯ ಹೊಲಕ್ಕೆ ಬರಲಿಲ್ಲ, ಗುಳೆ ನಿಲ್ಲಲಿಲ್ಲ. ಓದಿದ ಮಕ್ಕಳದೂ ಒಂದು ಬಗೆಯ ಗುಳೆಯೇ, ತಲೆಯ ಮೇಲಿನ ಬುಟ್ಟಿಗೆ ಬದಲಾಗಿ ಬೆನ್ನಿಗೊಂದು ಚೀಲ. 2020ರಲ್ಲಿ ಇಬ್ಬರೂ ಒಟ್ಟಿಗೆ ಮರಳಿದರು. ಬುಟ್ಟಿಯವರು ಕೆಲಸ ಕಳೆದುಕೊಂಡು ಬಂದರು. ಚೀಲದವರು ಕೆಲಸವನ್ನು ಚೀಲದಲ್ಲಿಟ್ಟುಕೊಂಡು ಬಂದರು. ಈ ವ್ಯತ್ಯಾಸವನ್ನು ಮರೆತು ಹೊಸ ಕಾಲವನ್ನು ಹೊಗಳುವುದು ನ್ಯಾಯವಲ್ಲ.

ಕುರ್ಚಿಯ ಬೆಲೆ

ಹುಡುಗನ ಮೀಟಿಂಗು ಮುಗಿಯುವವರೆಗೆ ನಾನು ಮಾಲೀಕರೊಡನೆ ಮಾತಿಗಿಳಿದೆ. ಅವರಿಗೆ ನಷ್ಟವಾಗುವುದಿಲ್ಲವೇ?

“ಲೆಕ್ಕ ಹಾಕ್ರಿ ಸರ,” ಎಂದರು. ಒಂದು ಮೇಜಿಗೆ ನಾಲ್ಕು ಕುರ್ಚಿ. ಗಿರಾಕಿ ಹದಿನೈದು ನಿಮಿಷಕ್ಕೊಬ್ಬನಂತೆ ಏಳುತ್ತಾನೆ. ತುಂಬಿದ ಹೊತ್ತಿನಲ್ಲಿ ಮೂರು ಗಂಟೆಗೆ 48 ಚಹಾ. ಹತ್ತು ರೂಪಾಯಿಯಂತೆ 480. ಇವನು ಕುಡಿಯುವುದು ಮೂರು ಚಹಾ, 30 ರೂಪಾಯಿ. ಮೊದಲ ವಾರ ಅವರು ಬಾಯಿ ಬಿಟ್ಟು ಹೇಳಲಾರದೆ, ಹುಡುಗನ ಕಡೆಗೆ ಪದೇ ಪದೇ ಫ್ಯಾನು ನಿಲ್ಲಿಸಿ ನೋಡಿದರಂತೆ. ಹುಡುಗನಿಗೆ ಸೂಚನೆ ಅರ್ಥವಾಯಿತು. ತಾನೇ ಬಂದು, “ಕಾಕಾ, ಗಿರಾಕಿ ಹೊತ್ತಿನ್ಯಾಗ ನಾ ಬರಂಗಿಲ್ಲ. ಕರೆಂಟಿನ ರೊಕ್ಕ ತಿಂಗಳಿಗೊಮ್ಮೆ ಬ್ಯಾರೆ ಕೊಡ್ತೀನಿ” ಎಂದ. ಹಾಗಾಗಿ ಹತ್ತೂವರೆಗೆ ಬಂದು ನಾಲ್ಕಕ್ಕೆ ಏಳುತ್ತಾನೆ. ತಿಂಗಳಿಗೆ 600 ರೂಪಾಯಿ. ಕಾಗದವಿಲ್ಲ, ಕರಾರಿಲ್ಲ. ಡಯಾಲಿಸಿಸ್ಸಿನ ವಿಷಯ ತಿಳಿದ ತಿಂಗಳು ಮಾಲೀಕರು ಆ ಹಣವನ್ನು ಮುಟ್ಟಲಿಲ್ಲವೆಂದು ನನಗೆ ಹೇಳಿದವನು ಹುಡುಗನೇ. ಮಾಲೀಕರು ಆ ಮಾತೆತ್ತಲಿಲ್ಲ.

ಕರೆಂಟಿನ ಮಾತು ಬಂದುದರಿಂದ ಒಂದು ವಿನೋದವನ್ನು ಹೇಳಲೇಬೇಕು. ಇಲ್ಲಿಂದ ಸ್ವಲ್ಪವೇ ದೂರದ ಶಕ್ತಿನಗರದ ಶಾಖೋತ್ಪನ್ನ ಕೇಂದ್ರ 1985ರಿಂದ ರಾಜ್ಯಕ್ಕೆ ವಿದ್ಯುತ್ತನ್ನು ಉಣಿಸುತ್ತಿದೆ. ಅದರ ಎಂಟು ಘಟಕಗಳ ಒಟ್ಟು ಸಾಮರ್ಥ್ಯ 1720 ಮೆಗಾವಾಟ್. ಅದರ ಬೂದಿ ನಮಗೆ, ಬೆಳಕು ಊರವರಿಗೆ ಎಂದು ಇಲ್ಲಿಯ ಜನ ನಗೆಯಾಡುವುದುಂಟು. ನಾನು ಕುಳಿತಿದ್ದಾಗಲೇ ಎರಡು ಸಲ ದೀಪ ಹೋಯಿತು. ಎರಡನೆಯ ಸಲ ಹುಡುಗನು ಮಾತನ್ನು ನಿಲ್ಲಿಸದೆಯೇ, ಕಾಲಿನಿಂದ ಇನ್ವರ್ಟರಿನ ತಂತಿಯನ್ನು ಹುಡುಕಿ ಎಳೆದುಕೊಂಡ ಚಾಕಚಕ್ಯವನ್ನು ನೋಡಿ, ಇವನು ತರಗತಿಯಲ್ಲಿ ಎಂದೂ ಇಷ್ಟು ಚುರುಕಾಗಿರಲಿಲ್ಲವಲ್ಲ ಎನಿಸಿತು.

ಪರದೆಯ ಹಿಂದೆ

ಇದೆಲ್ಲ ಹುಡುಗರ ಮಾತಾಯಿತು. ಮಾನ್ವಿಯ ಒಬ್ಬ ಹುಡುಗಿಯ ಕತೆ ಬೇರೆ. ಇವಳೂ ನನ್ನ ವಿದ್ಯಾರ್ಥಿನಿ, ಬಿ.ಕಾಂ. ಓದಿದವಳು. ಬೆಂಗಳೂರಿನ ಲೆಕ್ಕಪರಿಶೋಧಕರೊಬ್ಬರ ಕಚೇರಿಗೆ ಮನೆಯಿಂದಲೇ ಜಿ.ಎಸ್.ಟಿ. ಲೆಕ್ಕಪತ್ರಗಳನ್ನು ಸಿದ್ಧಪಡಿಸಿಕೊಡುತ್ತಾಳೆ. ಮಾನ್ವಿ ಎಂದರೆ ಜಗನ್ನಾಥದಾಸರ ಊರು. ಅದೇ ತಾಲೂಕಿನ ಚೀಕಲಪರವಿಯಲ್ಲಿ ವಿಜಯದಾಸರೂ, ದೇವದುರ್ಗದ ಮೊಸರಕಲ್ಲಿನಲ್ಲಿ ಗೋಪಾಲದಾಸರೂ ಹುಟ್ಟಿದರು; ಮನೆಯ ಹೊರಗೆ, ಊರೂರು ತಿರುಗುತ್ತ ಜೀವಮಾನದ ಕೆಲಸ ಮಾಡಿದವರು. ಆದರೆ ಅವರೆಲ್ಲ ಗಂಡಸರು!

ಇವಳ ಮನೆಯಲ್ಲಿ ಕೆಲಸಕ್ಕೆ ಕುಳಿತರೆ, ಮನೆಯಲ್ಲಿದ್ದಾಳೆ ಎಂದ ಮೇಲೆ ಬಿಡುವಾಗಿದ್ದಾಳೆ ಎಂದೇ ಎಲ್ಲರ ಎಣಿಕೆ. ಹಾಲು ಉಕ್ಕಿದರೆ ಇವಳು ಏಳಬೇಕು. ಬಂದವರಿಗೆ ನೀರು ಇವಳು ಕೊಡಬೇಕು. ವರನ ಕಡೆಯವರು ಫೋನು ಮಾಡಿದರೆ ಲೆಕ್ಕದ ನಡುವೆ ನಕ್ಕು ಮಾತಾಡಬೇಕು. ಒಂದು ದಿನ ಧೈರ್ಯಮಾಡಿ ಹತ್ತಿರದ ಹೋಟೆಲಿಗೆ ಹೋಗಿ ಕುಳಿತಳು. ಮಾಣಿಯು ಮರುಮಾತಿಲ್ಲದೆ ಹಸಿರು ಪರದೆಯ ಹಿಂದಿನ ‘ಫ್ಯಾಮಿಲಿ ರೂಮ್’ ತೋರಿಸಿದ. ಅಲ್ಲಿ ಗಾಳಿಯಿಲ್ಲ, ವಿದ್ಯುತ್ ಗುಂಡಿಯಿಲ್ಲ. ಅರ್ಧ ಗಂಟೆಯಲ್ಲಿ ಮೂರು ಸಲ ಪರದೆ ಸರಿಯಿತು: ಇನ್ನೂ ಯಾರು ಬರುವವರಿದ್ದಾರೆ ಎಂದು ಕೇಳಲು. ಅವಳು ಮನೆ ಸೇರುವುದಕ್ಕೆ ಮೊದಲೇ ಸುದ್ದಿ ಮನೆ ಸೇರಿತ್ತು. ಗಂಡು ಕುಳಿತರೆ ಕೆಲಸ, ಹೆಣ್ಣು ಕುಳಿತರೆ ಸುದ್ದಿ!

ಕೊನೆಗೆ ಚಿಕ್ಕಮ್ಮನ ಹೊಲಿಗೆ ಅಂಗಡಿ ಅವಳ ಕಚೇರಿಯಾಯಿತು. ಕತ್ತರಿಸಿದ ಕುಪ್ಪಸದ ತುಂಡುಗಳ ನಡುವೆ ಲ್ಯಾಪ್‌ಟಾಪು. ಹೊಲಿಗೆ ಯಂತ್ರದ ಸದ್ದನ್ನು ಕೇಳಿ ಬೆಂಗಳೂರಿನ ಹಿರಿಯರು, “ನಿಮ್ಮಲ್ಲಿ ಮಳೆಯೇನಮ್ಮಾ?” ಎಂದು ಕೇಳಿದರಂತೆ. “ಹೌದು ಸರ್, ಜೋರಾಗಿದೆ” ಎಂದಳು. ಆ ದಿನ ಮಾನ್ವಿಯಲ್ಲಿ ಮೋಡದ ಚೂರೂ ಇರಲಿಲ್ಲ. ತಿಂಗಳ ಕೊನೆಯಲ್ಲಿ ದೊಡ್ಡ ಕಡತಗಳನ್ನು ಕಳಿಸಬೇಕಾದಾಗ ಮಾತ್ರ, ಒಳ್ಳೆಯ ಸಂಪರ್ಕಕ್ಕಾಗಿ, 45 ಕಿಲೋಮೀಟರು ಬಸ್ಸಿನಲ್ಲಿ ರಾಯಚೂರಿಗೆ ಬರುತ್ತಾಳೆ. ತಣ್ಣನೆಯ ಗಾಳಿ ಬೀಸುವ ಹೊಸ ಮಾದರಿಯ ಕೆಫೆಗಳು ಇಲ್ಲಿಯೂ ಬಂದಿವೆ. ಅಲ್ಲಿ ಹೆಣ್ಣುಮಕ್ಕಳನ್ನು ಯಾರೂ ಏನೂ ಕೇಳುವುದಿಲ್ಲ. ಆದರೆ ಒಂದು ಕಾಫಿಗೆ ನೂರಕ್ಕಿಂತ ಹೆಚ್ಚು. ದಿನದ ಗಳಿಕೆಯಲ್ಲಿ ಎರಡು ಕಾಫಿ ಕಳೆದು, ಬಸ್ಸಿನ ಹಣ ಕಳೆದು ಉಳಿದದ್ದೇನೆಂದು ಅವಳಿಗೆ ನಾನು ಲೆಕ್ಕ ಕಲಿಸಬೇಕಾಗಿಲ್ಲ. (ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಈಗ ‘ಅರಿವು ಕೇಂದ್ರ’ವೆಂಬ ಹೆಸರು ಬಂದಿದೆ, ಹಲವೆಡೆ ಕಂಪ್ಯೂಟರುಗಳೂ ಬಂದಿವೆ. ಮಧ್ಯಾಹ್ನದ ಹೊತ್ತು ಅಲ್ಲಿ ಎರಡು ಮೇಜುಗಳನ್ನು ಇಂಥವರಿಗಾಗಿ ಬಿಟ್ಟುಕೊಟ್ಟರೆ ಯಾರ ಗಂಟು ಹೋಗುತ್ತದೆ?)

ಅವಳ ವಿಷಯವನ್ನು ನಮ್ಮ ಮನೆಯಲ್ಲಿ ಹೇಳಿದಾಗ ನನ್ನ ಶ್ರೀಮತಿಯವರು, “ನಿಮ್ಮ ಆ ಚಹಾದ ಹೋಟೆಲಿಗೆ ಕರಕೊಂಡು ಹೋಗಬಾರದೇನು? ನೀವು ಬೇಡ, ನಾ ಹೋಗ್ತೀನಿ” ಎಂದರು. ಮಳೆಗಾಲ ಹಿಡಿದ ಮೇಲೆ ಒಂದು ತಿಂಗಳ ಕೊನೆಗೆ ಇಬ್ಬರೂ ಹೋದರು. ಒಂದು ಗಂಟೆ ಇವರು ಪಕ್ಕದಲ್ಲಿ ಕುಳಿತು ಈ ಪತ್ರಿಕೆಯ ಧಾರಾವಾಹಿಯನ್ನು ಓದಿದರಂತೆ. ಮೊದಲು ನಾಲ್ಕಾರು ಕಣ್ಣುಗಳು ತಿರುಗಿದವು, ಆಮೇಲೆ ಚಹಾ ಆರುತ್ತದೆಂದು ತಮ್ಮ ತಮ್ಮ ಬಟ್ಟಲಿಗೆ ಮರಳಿದವು.

ನನ್ನ ವಿದ್ಯಾರ್ಥಿಯ ಸಂಗತಿ ಅಷ್ಟು ಸುಲಭವಾಗಿ ಬಗೆಹರಿಯಲಿಲ್ಲ. ಆ ದಿನ ಮೀಟಿಂಗು ಮುಗಿಸಿ ಬಂದು ನನ್ನ ಮುಂದೆ ಕುಳಿತಾಗ ಅವನ ಮುಖದಲ್ಲಿ ಬಣ್ಣವಿರಲಿಲ್ಲ. ಇನ್ನು ಮುಂದೆ ವಾರಕ್ಕೆ ಮೂರು ದಿನ ಎಲ್ಲರೂ ಬೆಂಗಳೂರಿನ ಕಚೇರಿಗೆ ಬರಬೇಕೆಂದು ಆಜ್ಞೆಯಾಗಿತ್ತು.

“ಅಪ್ಪಗೂ ವಾರಕ್ಕ ಮೂರು ದಿನಾನೇ ಸರ್,” ಎಂದ. “ಎರಡೂ ಮೂರು ಹೆಂಗ್ ಕೂಡಸ್ಲಿ?”

ಕೆಲಸ ಬಿಟ್ಟರೆ ಚಿಕಿತ್ಸೆ ಸಾಗದು. ಕೆಲಸಕ್ಕೆ ಹೋದರೆ ತಂದೆಯನ್ನು ಎತ್ತಿ ಆಟೋದಲ್ಲಿ ಕೂಡಿಸುವವರಿಲ್ಲ. ಉಪದೇಶ ಹೇಳುವುದು ಅಧ್ಯಾಪಕರ ಜಾತಿಗುಣ. ಆದರೂ ಅಂದು ನನಗೆ ಮಾತು ಹೊರಡಲಿಲ್ಲ. ಸಂಸ್ಥೆಗೆ ಒಂದು ಮನವಿಯನ್ನು ಬರೆಯೋಣವೆಂದೆ. ಆಸ್ಪತ್ರೆಯ ಕಾಗದಗಳನ್ನು ಲಗತ್ತಿಸಿ, ಅದೇ ಮೇಜಿನ ಮೇಲೆ, ಹಳೆಯ ಅರ್ಜಿ ಬರಹಗಾರರಂತೆ ಇಬ್ಬರೂ ಕುಳಿತು ಬರೆದೆವು. ಎರಡು ವಾರಗಳ ಬಳಿಕ ಉತ್ತರ ಬಂತು: ದೀಪಾವಳಿಯವರೆಗೆ ವಿನಾಯಿತಿ, ಅನಂತರ ಮತ್ತೆ ವಿಚಾರ ಮಾಡಲಾಗುವುದು.

ಮೊನ್ನೆ ಹೋದಾಗ ಹುಡುಗನು ಮೂಲೆಯಲ್ಲಿದ್ದ. ತಂದೆಯ ಆ ದಿನದ ಡಯಾಲಿಸಿಸ್ ಮುಗಿಯಲು ಇನ್ನೂ ಒಂದು ಗಂಟೆಯಿತ್ತು. ಕಿಟಕಿಯ ಬಳಿಯ ಮೇಜಿನಲ್ಲಿ ಮಾನ್ವಿಯ ಹುಡುಗಿ ಒಬ್ಬಳೇ ಕುಳಿತು, ತುಟಿ ಕಚ್ಚಿಕೊಂಡು ಅಂಕಿಗಳನ್ನು ಕೂಡಿಸುತ್ತಿದ್ದಳು. ಈ ಹೋಟೆಲಿನ ಫ್ಯಾಮಿಲಿ ರೂಮಿನ ಪರದೆ ಕಾಣಲಿಲ್ಲ. ಎಲ್ಲಿ ಹೋಯಿತೆಂದು ಮಾಲೀಕರನ್ನು ಕೇಳಿದೆ.

“ಒಗಿಯಾಕ ಹಾಕೀವ್ರಿ ಸರ,” ಎಂದರು. “ಒಂದು ತಿಂಗಳಾತು. ಒಣಗವಲ್ದು.”