ಹಾಡಿ ದಾರಿಗೆ ಹಳೆಯ ಟೂ-ಸ್ಟ್ರೋಕ್: ಆಯ್ಕೆ ಮತ್ತು ಟ್ಯೂನಿಂಗ್

ಕಿರಿಮಂಜೇಶ್ವರದಲ್ಲಿ ಹೆದ್ದಾರಿ 66ನ್ನು ಬಿಟ್ಟು ಪೂರ್ವಕ್ಕೆ ತಿರುಗಿದರೆ ನೆಲದ ಸ್ವಭಾವವೇ ಬದಲಾಗುತ್ತದೆ. ಕಡಲ ಬದಿಯ ಹೊಯಿಗೆ ಮುಗಿದು ಬೈಲು, ಬೈಲು ಮುಗಿದು ಮುರಕಲ್ಲಿನ ಗುಡ್ಡೆ, ಗುಡ್ಡೆಯ ಆಚೆ ಹಾಡಿ. ಬೇಸಿಗೆಯಲ್ಲಿ ಈ ದಾರಿಗಳ ಕೆಂಪು ಧೂಳು ಹಿಟ್ಟಿನಷ್ಟು ನುಣುಪು. ಮಳೆಗಾಲದಲ್ಲಿ ಅದೇ ಮಣ್ಣು ಪಾಚಿಗಟ್ಟಿ ಜಾರುತ್ತದೆ. ನಡುವೆ ಬೇರು, ಉರುಳುಗಲ್ಲು, ಮೊಣಕಾಲು ಮಟ್ಟದ ತೋಡು.

ಇಂಥ ದಾರಿಗೆ ಹೊಂದುವ ಗಾಡಿಯ ಲಕ್ಷಣಗಳನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಅದು ಆಳು ನಡೆಯುವ ವೇಗದಲ್ಲೂ ಇಂಜಿನ್ ಆಫ್ ಆಗದೆ ಏರು ಹತ್ತಬೇಕು. ಬಿದ್ದರೆ ಒಬ್ಬರೇ ಎತ್ತಿ ನಿಲ್ಲಿಸುವಷ್ಟು ಹಗುರವಿರಬೇಕು. ಕೆಟ್ಟರೆ ಒಂದು ಸ್ಪ್ಯಾನರ್, ಒಂದು ಪ್ಲಗ್ಗಿನಿಂದ ಮನೆ ಮುಟ್ಟುವಂತಿರಬೇಕು. ಮೂರಕ್ಕೂ ಟೂ-ಸ್ಟ್ರೋಕ್ ಇಂಜಿನ್ ಚೆನ್ನಾಗಿ ಒದಗುತ್ತದೆ.

ಯಾಕೆ ಟೂ-ಸ್ಟ್ರೋಕ್?

ಫೋರ್-ಸ್ಟ್ರೋಕ್ ಇಂಜಿನ್ನಿನಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಒಂದು ಸಲ ಪೆಟ್ರೋಲ್ ಉರಿಯುತ್ತದೆ. ಟೂ-ಸ್ಟ್ರೋಕಿನಲ್ಲಿ ಪ್ರತಿ ಸುತ್ತಿಗೂ ಉರಿಯುತ್ತದೆ. ವಾಲ್ವು, ಕ್ಯಾಮ್, ಟೈಮಿಂಗ್ ಚೈನು ಇಲ್ಲ. ಸಿಲಿಂಡರ್ ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್ನೇ ಮುಚ್ಚುತ್ತ ತೆರೆಯುತ್ತ ಹೋಗುತ್ತದೆ. ಹಾಗಾಗಿ ತೂಕ ಕಡಿಮೆ, ಬಿಚ್ಚುವುದು ಸುಲಭ. ಕ್ರ್ಯಾಂಕ್‌ಕೇಸನ್ನೇ ಪಂಪಿನಂತೆ ಬಳಸುವ ಈ ಸರಳ ರೂಪವನ್ನು 1890ರ ಆಸುಪಾಸಿನಲ್ಲಿ ಕೊಟ್ಟವರು ಇಂಗ್ಲೆಂಡಿನ ಜೋಸೆಫ್ ಡೇ.

1968ರಲ್ಲಿ ಯಮಹಾ ಕಂಪನಿಯ ಡಿಟಿ-1 ಅಮೆರಿಕದ ಮಾರುಕಟ್ಟೆಗೆ ಬಂದ ಮೇಲೆ ಕಾಡುದಾರಿಯ ಬೈಕ್ ಜನಸಾಮಾನ್ಯರ ಕೈಗೆ ಸಿಕ್ಕಿತು. ನಮ್ಮ ದೇಶದ ಶೋರೂಮುಗಳಿಗೆ ಅಂಥ ಗಾಡಿ ಬರಲಿಲ್ಲ. ನಮ್ಮವರು ರಸ್ತೆ ಬೈಕನ್ನೇ ಮಣ್ಣಿಗೆ ಇಳಿಸಿದರು. ಈ ಅಧ್ಯಾಯ ಅಂಥ ಗಾಡಿಗಳ ಬಗ್ಗೆ.

ಯಾವ ಗಾಡಿ?

ಮೊದಲು ಮೈಸೂರಿನದು. ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ ಅವರ ಐಡಿಯಲ್ ಜಾವಾ ಕಾರ್ಖಾನೆ ಮೈಸೂರಿನ ಯಾದವಗಿರಿಯಲ್ಲಿ 1961ರಿಂದ ಚೆಕೊಸ್ಲೊವಾಕಿಯಾದ ಜಾವಾ ಬೈಕುಗಳನ್ನು ತಯಾರಿಸಿತು. 1973ರಿಂದ ಅವು ಯೆಜ್ಡಿ ಆದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. 250 ಸಿಸಿ, ಒಂದೇ ಸಿಲಿಂಡರ್, ಎರಡು ಸೈಲೆನ್ಸರ್. ಬೋರ್ 65 ಮಿ.ಮೀ., ಸ್ಟ್ರೋಕ್ 75 ಮಿ.ಮೀ. ಸ್ಟ್ರೋಕ್ ಉದ್ದ, ಫ್ಲೈವೀಲ್ ಭಾರ. ಆದ್ದರಿಂದ ಕಡಿಮೆ ಆರ್‌ಪಿಎಂನಲ್ಲೂ ಎಳೆತ ಇದೆ. ಇದರ ಎಡಗಾಲಿನ ಲಿವರ್ ನೋಡುವಂಥದ್ದು: ಗೇರ್ ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್ ಆಗುತ್ತದೆ. ತೊಂದರೆ ತೂಕದ್ದು. ಸುಮಾರು 140 ಕೆ.ಜಿ.ಯ ಗಾಡಿಯನ್ನು ತೋಡಿನಿಂದ ಒಬ್ಬರೇ ಮೇಲೆತ್ತುವುದು ಕಷ್ಟ.

ಎರಡನೆಯದು 1985ರಿಂದ 1996ರವರೆಗೆ ಬಂದ ಯಮಹಾ ಆರ್‌ಎಕ್ಸ್ 100. ಬೋರ್ 50, ಸ್ಟ್ರೋಕ್ 50 ಮಿ.ಮೀ., 98 ಸಿಸಿ, 11 ಕುದುರೆ ಶಕ್ತಿ. ತೂಕ ಹೆಚ್ಚುಕಡಿಮೆ 100 ಕೆ.ಜಿ. ಇಂಜಿನ್ನಿಗೆ ಮಿಶ್ರಣ ಹೋಗುವ ಬಾಯಲ್ಲಿ ರೀಡ್ ವಾಲ್ವ್ ಇದೆ. ಒಳಗೆ ಹೋದ ಮಿಶ್ರಣವನ್ನು ಈ ತೆಳು ಎಲೆಗಳು ಹಿಂದಕ್ಕೆ ಬಿಡುವುದಿಲ್ಲ. ಅದರಿಂದ ಚಿಕ್ಕ ಇಂಜಿನ್ನಾದರೂ ಕೆಳಗಿನ ಎಳೆತ ಚೆನ್ನಾಗಿದೆ.

ಮೂರನೆಯದು 1993ರ ಸುಜುಕಿ ಶೋಗನ್. 108 ಸಿಸಿಯಲ್ಲೇ 14 ಕುದುರೆ ಶಕ್ತಿ. ಕಾಗದದ ಮೇಲೆ ಇದೇ ಮುಂದು. ಆದರೆ ಆ ಶಕ್ತಿ ಸಿಗುವುದು ಆರ್‌ಪಿಎಂ ಮೇಲೇರಿದ ಬಳಿಕ, ಅದೂ ಒಮ್ಮೆಗೇ. ಒದ್ದೆ ಬೇರಿನ ಮೇಲೆ ಹಾಗೆ ನುಗ್ಗಿದ ಹಿಂದಿನ ಚಕ್ರ ಜಾರದೆ ಇರದು.

ಹಾಡಿಗೆ ಹೋಗುವವರು ಗರಿಷ್ಠ ಶಕ್ತಿಯ ಅಂಕಿಯನ್ನು ಬದಿಗಿಟ್ಟು, ಕಾಲು ಥ್ರಾಟಲ್‌ನಲ್ಲಿ ಸಿಗುವ ಎಳೆತವನ್ನು ನೋಡಬೇಕು. ಆ ಲೆಕ್ಕದಲ್ಲಿ ನಮ್ಮ ದಾರಿಗಳಿಗೆ ಮೊದಲ ಆಯ್ಕೆ ಆರ್‌ಎಕ್ಸ್ 100. ಗುಡ್ಡೆ ಏರಿಗಿಂತ ಅಗಲವಾದ ಮಣ್ಣು ರಸ್ತೆಯೇ ಹೆಚ್ಚು ಎನ್ನುವವರಿಗೆ ಯೆಜ್ಡಿ ಒಳ್ಳೆಯದು.

ಕೊಳ್ಳುವ ಮುನ್ನ

ಮೊದಲು ಕಾಗದಪತ್ರ. ಆರ್‌ಸಿಯಲ್ಲಿರುವ ಚಾಸಿಸ್ ನಂಬರು, ಇಂಜಿನ್ ನಂಬರು ಗಾಡಿಯ ಮೇಲಿನದಕ್ಕೆ ಅಕ್ಷರಶಃ ಹೊಂದಬೇಕು. ಉಜ್ಜಿದ, ಮತ್ತೆ ಕೊರೆದ ಗುರುತಿದ್ದರೆ ಕೈಬಿಡಿ. 15 ವರ್ಷ ಮುಗಿದ ಗಾಡಿಗೆ ಆರ್‌ಟಿಒ ತಪಾಸಣೆಯ ನಂತರ ಐದೈದು ವರ್ಷಕ್ಕೆ ನವೀಕರಣ ಆಗಬೇಕು. ಕೇಂದ್ರ ಸರ್ಕಾರ 2021ರಲ್ಲಿ 50 ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ನೋಂದಣಿ ಎಂಬ ಬೇರೆ ದಾರಿ ಮಾಡಿಕೊಟ್ಟಿದೆ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ.

ಆಮೇಲೆ ಇಂಜಿನ್. ಅದು ತಣ್ಣಗಿರುವಾಗಲೇ ನೋಡಬೇಕು. ಮಾರುವವರು ಮೊದಲೇ ಬಿಸಿ ಮಾಡಿಟ್ಟಿದ್ದರೆ ಸ್ಟಾರ್ಟಿಂಗ್ ತೊಂದರೆ ಗೊತ್ತಾಗುವುದಿಲ್ಲ. ಕಿಕ್ಕರನ್ನು ಕೈಯಿಂದ ಮೆಲ್ಲಗೆ ಒತ್ತಿ; ಒಂದು ಹಂತದಲ್ಲಿ ಗಟ್ಟಿ ತಡೆ ಸಿಗಬೇಕು. ಸಿಗದಿದ್ದರೆ ಬೋರ್ ಸವೆದಿದೆ ಅಥವಾ ರಿಂಗ್ ಹೋಗಿದೆ. ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸಬಹುದು, ಅದು ದೊಡ್ಡ ಸಂಗತಿಯಲ್ಲ. ಕ್ರ್ಯಾಂಕಿನ ಸದ್ದು ದೊಡ್ಡ ಸಂಗತಿ. ಸ್ಲೋ ಓಡುವಾಗ ಕೆಳಗಿನಿಂದ ಗಡುಸಾದ ಕಟಕಟ ಕೇಳಿದರೆ ಕನೆಕ್ಟಿಂಗ್ ರಾಡಿನ ಬೇರಿಂಗ್ ಸಡಿಲವಾಗಿದೆ. ಹಳೆ ಗಾಡಿಗಳಿಗೆ ಅಸಲಿ ಕ್ರ್ಯಾಂಕ್ ಸಿಗುವುದು ಕಷ್ಟ, ನಕಲಿ ಬೇಗ ಸವೆಯುತ್ತದೆ.

ಆರ್‌ಎಕ್ಸ್ 100 ಕೊಳ್ಳುವವರು ಮರೆಯದೆ ಕೇಳಬೇಕಾದ ಪ್ರಶ್ನೆ ಒಂದಿದೆ: ಆಯಿಲ್ ಪಂಪು ಇದೆಯೋ, ತೆಗೆದಿದ್ದಾರೋ? ಕಂಪನಿ ಕೊಟ್ಟ ಆಟೋಲ್ಯೂಬ್ ಪಂಪು ಪ್ರತ್ಯೇಕ ಟ್ಯಾಂಕಿನಿಂದ ಆಯಿಲ್ ಎಳೆದು ಇಂಜಿನ್ನಿಗೆ ಕೊಡುತ್ತದೆ. ಹಲವರು ಅದನ್ನು ತೆಗೆದು ಪೆಟ್ರೋಲಿಗೇ ಆಯಿಲ್ ಬೆರೆಸುತ್ತಾರೆ. ಇದು ತಿಳಿಯದೆ ಬರೀ ಪೆಟ್ರೋಲ್ ತುಂಬಿಸಿ ಓಡಿಸಿದರೆ ಇಂಜಿನ್ ಸೀಜ್ ಆಗುವುದು ಖಂಡಿತ.

ಕಡಲ ಬದಿಯ ಊರಿನ ಗಾಡಿಯಾದರೆ ಟ್ಯಾಂಕಿನೊಳಗೆ ಟಾರ್ಚ್ ಹಾಕಿ ನೋಡಿ. ಉಪ್ಪುಗಾಳಿಗೆ ಸ್ಪೋಕು, ರಿಮ್ಮು, ಫ್ರೇಮಿನ ಬೆಸುಗೆ ತುಕ್ಕು ಹಿಡಿದಿರುತ್ತವೆ. ಹೊಸ ಪೈಂಟಿನ ಹೊಳಪಿಗಿಂತ ಬೆಸುಗೆಯ ಸಂದು ನಿಜ ಹೇಳುತ್ತದೆ.

ಟ್ಯೂನಿಂಗ್: ಮೊದಲು ಗಾಳಿ ಸೋರಿಕೆ

ಕ್ರ್ಯಾಂಕ್‌ಕೇಸ್ ಪಂಪಿನ ಕೆಲಸ ಮಾಡುವುದರಿಂದ ಎಲ್ಲಿ ಗಾಳಿ ಸೋರಿದರೂ ಟ್ಯೂನಿಂಗ್ ಕೂಡಿಬರುವುದಿಲ್ಲ. ಹೊರಗಿನ ಗಾಳಿ ಒಳನುಗ್ಗಿದರೆ ಪೆಟ್ರೋಲಿನ ಪಾಲು ಕಡಿಮೆಯಾಗಿ ಇಂಜಿನ್ ಮಿತಿಮೀರಿ ಬಿಸಿಯಾಗುತ್ತದೆ. ಥ್ರಾಟಲ್ ಬಿಟ್ಟರೂ ಸದ್ದು ಇಳಿಯದೆ ತಾನಾಗಿ ಏರುತ್ತಿದ್ದರೆ ಮ್ಯಾಗ್ನೆಟೋ ಕಡೆಯ ಆಯಿಲ್ ಸೀಲ್, ಕಾರ್ಬುರೇಟರಿನ ರಬ್ಬರ್, ಸಿಲಿಂಡರ್ ಬುಡದ ಗ್ಯಾಸ್ಕೆಟ್ ನೋಡಿ. ಸೈಲೆನ್ಸರಿನಿಂದ ದಟ್ಟ ಹೊಗೆ ಬಂದು ಗೇರ್ ಆಯಿಲ್ ಕಡಿಮೆಯಾಗುತ್ತಿದ್ದರೆ ಕ್ಲಚ್ ಕಡೆಯ ಸೀಲ್ ಹೋಗಿದೆ. ಇವನ್ನು ಸರಿಪಡಿಸದೆ ಜೆಟ್ ಬದಲಿಸಲು ಹೊರಡಬೇಡಿ.

ಕಾರ್ಬುರೇಟರ್

ಮೊದಲ ಎಂಟನೇ ಒಂದರಷ್ಟು ಥ್ರಾಟಲ್‌ಗೆ ಪೈಲಟ್ ಜೆಟ್, ಕಾಲಿನಿಂದ ಮುಕ್ಕಾಲಿನವರೆಗೆ ನೀಡಲ್, ಅದರಾಚೆ ಮೇನ್ ಜೆಟ್ ಪೆಟ್ರೋಲಿನ ಅಳತೆ ನಡೆಸುತ್ತವೆ. ಪ್ಲಗ್ಗಿನ ಬಣ್ಣ ನೋಡಿ ಮೇನ್ ಜೆಟ್ ಬದಲಿಸುವುದನ್ನೇ ಹಲವರು ಟ್ಯೂನಿಂಗ್ ಎಂದುಕೊಂಡಿದ್ದಾರೆ. ಹಾಡಿಯಲ್ಲಿ ಥ್ರಾಟಲ್ ಅರ್ಧ ದಾಟುವುದೇ ಅಪರೂಪ. ನಮಗೆ ಬೇಕಾದ ಕೆಲಸ ಪೈಲಟ್ಟಿನಲ್ಲೂ ನೀಡಲ್ಲಿನಲ್ಲೂ ಇದೆ.

ಏರ್ ಸ್ಕ್ರೂ ಇರುವ ಕಾರ್ಬುರೇಟರಿನಲ್ಲಿ ಅದನ್ನು ಹಗುರವಾಗಿ ಬಿಗಿದು, ಒಂದೂವರೆ ಸುತ್ತು ಬಿಚ್ಚಿ ಆರಂಭಿಸಿ. ಬಿಸಿ ಇಂಜಿನ್ ಅತಿ ಸಲೀಸಾಗಿ ಓಡುವ ಜಾಗದಲ್ಲಿ ನಿಲ್ಲಿಸಿ. ನಂತರ ಏರಿನಲ್ಲಿ ಎರಡನೇ ಗೇರಿಗೆ ಹಾಕಿ ಅರ್ಧ ಥ್ರಾಟಲ್‌ನಲ್ಲಿ ಹತ್ತಿಸಿ. ಕೊಸರುತ್ತ, ಒದ್ದೆ ಸದ್ದು ಮಾಡುತ್ತ ಹತ್ತಿದರೆ ಪೆಟ್ರೋಲ್ ಹೆಚ್ಚಾಗಿದೆ. ನೀಡಲ್ ಕ್ಲಿಪ್ಪನ್ನು ಒಂದು ಗೀರು ಮೇಲಕ್ಕೆ ಹಾಕಿ. ಸೊರಗಿ, ಟಣಟಣ ಸದ್ದು ಬಂದರೆ ಪೆಟ್ರೋಲ್ ಸಾಲದು. ಕ್ಲಿಪ್ಪನ್ನು ಒಂದು ಗೀರು ಕೆಳಕ್ಕೆ ಇಳಿಸಿದರೆ ನೀಡಲ್ ಮೇಲೇಳುತ್ತದೆ. ಏರಿನ ತುದಿಯಲ್ಲಿ ಕ್ಲಚ್ ಹಿಡಿದು ಒಮ್ಮೆಗೇ ಆಫ್ ಮಾಡಿ ಪ್ಲಗ್ಗು ಬಿಚ್ಚಿ. ಬಿಸ್ಕತ್ತಿನ ಕಂದು ಬಣ್ಣವಿದ್ದರೆ ಹದ ಸರಿಯಿದೆ. ಬಿಳಿಯಾಗಿದ್ದರೆ ಅಪಾಯ, ಒದ್ದೆ ಕಪ್ಪಾಗಿದ್ದರೆ ಪೆಟ್ರೋಲ್ ದಂಡ.

ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇದೆ. ಅದರಲ್ಲಿ ಆಮ್ಲಜನಕ ಇರುವುದರಿಂದ ಹಳೆಯ ಜೆಟ್ಟಿನಲ್ಲಿ ಮಿಶ್ರಣ ತೆಳುವಾಗುತ್ತದೆ. ಒಂದು ಅಳತೆ ದೊಡ್ಡ ಜೆಟ್ ಬೇಕಾಗಬಹುದು. ಎಥನಾಲ್ ನೀರನ್ನೂ ಹೀರುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲಿಸುವುದಾದರೆ ಕಾರ್ಬುರೇಟರ್ ಖಾಲಿ ಮಾಡಿಯೇ ನಿಲ್ಲಿಸಿ.

ಆಯಿಲ್, ಸೈಲೆನ್ಸರ್, ಚೈನು

ಬೆರೆಸುವ ಗಾಡಿಗೆ ಲೀಟರಿಗೆ 30ರಿಂದ 40 ಮಿ.ಲೀ. ಒಳ್ಳೆಯ ಟೂ-ಟಿ ಆಯಿಲ್ ವಾಡಿಕೆ. ಆಯಿಲ್ ಹೆಚ್ಚು ಹಾಕಿದರೆ ಇಂಜಿನ್ನಿಗೆ ಕ್ಷೇಮ ಎಂಬುದು ತಪ್ಪು. ಅದೇ ಜೆಟ್ಟಿನ ಮೂಲಕ ಆಯಿಲ್ ಹೆಚ್ಚು ಹೋದಷ್ಟೂ ಪೆಟ್ರೋಲ್ ಕಡಿಮೆ ಹೋಗುತ್ತದೆ.

ಸೈಲೆನ್ಸರ್ ಕೊರೆದು ಸದ್ದು ಮಾಡುವ ಚಾಳಿಯಿಂದ ಕೆಡುವುದು ಊರಿನ ನೆಮ್ಮದಿಯೊಂದೇ ಅಲ್ಲ. ಮರವಂತೆಯಲ್ಲಿ ಅಲೆ ಕಲ್ಲಿಗೆ ಬಡಿದು ಹಿಂದಿರುಗುವಂತೆ, ಇಂಜಿನ್ನಿನಿಂದ ಹೊರಟ ಒತ್ತಡದ ಅಲೆ ಸೈಲೆನ್ಸರಿನ ಒಳಗಿನ ಆಕಾರಕ್ಕೆ ಬಡಿದು ಮರಳುತ್ತದೆ; ಹೊರಹೋಗುತ್ತಿದ್ದ ಹೊಸ ಮಿಶ್ರಣವನ್ನು ಸಿಲಿಂಡರಿಗೆ ವಾಪಸು ತಳ್ಳುತ್ತದೆ. 1950ರ ದಶಕದಲ್ಲಿ ಪೂರ್ವ ಜರ್ಮನಿಯ ಎಂಜಡ್ ಕಂಪನಿಯ ವಾಲ್ಟರ್ ಕಾಡೆನ್ ಈ ಅಲೆಯನ್ನು ಲೆಕ್ಕಹಾಕಿ ಬಳಸಿದ್ದರಿಂದಲೇ ಟೂ-ಸ್ಟ್ರೋಕ್ ರೇಸಿನಲ್ಲಿ ಮುಂದೆ ಬಂತು. ಒಳಗಿನ ಬ್ಯಾಫಲ್ ಕಿತ್ತರೆ ಆ ಲೆಕ್ಕ ತಪ್ಪಿ ಹೋಗುತ್ತದೆ, ಕೆಳಗಿನ ಎಳೆತವೂ ಸಾಯುತ್ತದೆ. ಮಾಡಬೇಕಾದ ಕೆಲಸ ಬ್ಯಾಫಲ್ ತೆಗೆದು ಕಟ್ಟಿದ ಮಸಿ ಉಜ್ಜಿ ಮತ್ತೆ ಹಾಕುವುದು.

ಎಳೆತ ಇನ್ನೂ ಬೇಕೆಂದರೆ ಇಂಜಿನ್ ಮುಟ್ಟದೆ ಮುಂದಿನ ಚೈನ್ ಸ್ಪ್ರಾಕೆಟ್ಟಿನಲ್ಲಿ ಒಂದು ಹಲ್ಲು ಕಡಿಮೆ ಮಾಡಿ. 14ರ ಜಾಗದಲ್ಲಿ 13 ಹಲ್ಲು ಎಂದರೆ ಸುಮಾರು ಶೇ. 8ರಷ್ಟು ಹೆಚ್ಚು ಎಳೆತ. ಏರ್ ಫಿಲ್ಟರನ್ನು ಮಾತ್ರ ಎಂದೂ ತೆಗೆಯಬೇಡಿ. ಮುರಕಲ್ಲಿನ ಧೂಳು ಬೋರನ್ನು ತಿಂದುಹಾಕುತ್ತದೆ.

ಇಳಿಜಾರಿನ ಎಚ್ಚರ

ಪೆಟ್ರೋಲಿಗೆ ಆಯಿಲ್ ಬೆರೆಸುವ ಗಾಡಿಯಲ್ಲಿ ಥ್ರಾಟಲ್ ಮುಚ್ಚಿದರೆ ಆಯಿಲ್ಲೂ ನಿಂತಂತೆ. ನಾಗೋಡಿ ಘಾಟಿಯಂಥ ಉದ್ದನೆಯ ಇಳಿಜಾರಿನಲ್ಲಿ ಗೇರಿನಲ್ಲೇ ಥ್ರಾಟಲ್ ಮುಚ್ಚಿ ಇಳಿದರೆ ಇಂಜಿನ್ ವೇಗವಾಗಿ ತಿರುಗುತ್ತಿರುತ್ತದೆ, ಆಯಿಲ್ ಮಾತ್ರ ಸಿಗುವುದಿಲ್ಲ. ನಡುನಡುವೆ ಕ್ಲಚ್ ಹಿಡಿದು ಒಂದೆರಡು ಬಾರಿ ಥ್ರಾಟಲ್ ಕೊಡುತ್ತಿರಿ. ಟೂ-ಸ್ಟ್ರೋಕಿನ ಇಂಜಿನ್ ಬ್ರೇಕಿಂಗ್ ಕಡಿಮೆ. ತೋಡು ದಾಟಿದ ಕೂಡಲೇ ಡ್ರಮ್ ಬ್ರೇಕ್ ಹಿಡಿಯುವುದಿಲ್ಲ. ಸ್ವಲ್ಪ ದೂರ ಹಗುರವಾಗಿ ಒತ್ತಿ ಒಣಗಿಸಿಕೊಳ್ಳಿ.

ಎಲ್ಲಿ ಓಡಿಸಬಾರದು?

ನಮ್ಮ ಹಾಡಿಗಳ ಪೂರ್ವಕ್ಕೆ ಮೂಕಾಂಬಿಕಾ ವನ್ಯಜೀವಿಧಾಮವಿದೆ. 1974ರಲ್ಲಿ ಘೋಷಿತವಾದ ಸುಮಾರು 370 ಚದರ ಕಿಲೋಮೀಟರಿನ ಈ ಕಾಡಿನಲ್ಲಿ ಸಾರ್ವಜನಿಕ ರಸ್ತೆ ಬಿಟ್ಟು ಒಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಮೀಸಲು ಅರಣ್ಯಕ್ಕೂ ಬೈಕ್ ನುಗ್ಗಿಸುವಂತಿಲ್ಲ. ಮಳೆಗಾಲದಲ್ಲಿ ಒಂದೇ ಜಾಡಿನಲ್ಲಿ ಪದೇಪದೇ ಓಡಿದ ಚಕ್ರ ತೋಡಿನಂಥ ಕೊರಕಲು ಮಾಡುತ್ತದೆ, ಮೇಲ್ಮಣ್ಣು ಬೈಲಿಗೆ ಇಳಿದು ಗದ್ದೆ ಕೆಡಿಸುತ್ತದೆ. ಪಂಚಾಯತ್ ದಾರಿ, ಒಪ್ಪಿಗೆ ಕೊಟ್ಟವರ ತೋಟದ ದಾರಿ, ಸ್ವಂತ ಹಕ್ಕಲು ಇವಿಷ್ಟೇ ನಮ್ಮ ಓಟಕ್ಕೆ ಸಾಕು.

ಹೊಸದಾಗಿ ಕೈ ಹಾಕುವವರಿಗೆ ಹೇಳುವುದಿಷ್ಟೆ: ಗಾಡಿಯನ್ನು ಮೊದಲು ಕಂಪನಿ ಕೊಟ್ಟ ಸ್ಥಿತಿಗೆ ತನ್ನಿ. ಹೊಸ ಸೀಲ್, ಶುದ್ಧ ಕಾರ್ಬುರೇಟರ್, ಸರಿಯಾದ ಟೈಮಿಂಗ್, ಮಸಿ ತೆಗೆದ ಸೈಲೆನ್ಸರ್ ಇಷ್ಟನ್ನು ಮಾಡಿ ಒಂದು ಮಳೆಗಾಲ ಓಡಿಸಿ ನೋಡಿ. ಬಹುತೇಕ ಗಾಡಿಗಳಿಗೆ ಅದಕ್ಕಿಂತ ಹೆಚ್ಚಿನ ಟ್ಯೂನಿಂಗ್ ಬೇಕಾಗುವುದೇ ಇಲ್ಲ.